ಮಿಸೆಸ್ ಪಾರ್ಕ್ ಅವರ ಕರಿ ಎಳ್ಳು

ಮೊನ್ನೆ ಬೆಳಿಗ್ಗೆ ಮಗಳು ಮೇಘಾ ಅಡುಗೆಮನೆಯ ಮೇಲಿನ ಹಲಗೆಯಿಂದ ಹಳದಿ ಪಾತ್ರೆಯನ್ನು ಇಳಿಸಿ, ನನ್ನನ್ನು ಒಂದು ಮಾತೂ ಕೇಳದೆ, ಒಣಗಿದ ಕಡಲಪಾಚಿಯನ್ನು ಅದರಲ್ಲಿ ನೆನೆಹಾಕಿದ್ದಳು. ಅವಳಿಗೆ ಈಗ ಐದು ತಿಂಗಳು. ಬಯಕೆ ಎಂದರೆ ಮಾವಿನಕಾಯಿ, ಹುಣಿಸೆ ಎಂದು ಕೇಳಿ ಬೆಳೆದವಳು ನಾನು. ಇವಳಿಗೆ ಕೊರಿಯಾದ ಧಾರಾವಾಹಿಗಳನ್ನು ನೋಡಿ ನೋಡಿ ಅಲ್ಲಿನ ಸಾರಿನ ಬಯಕೆ. ಫೋನಿನಲ್ಲೇ ಆರ್ಡರ್ ಮಾಡಿ ಪೊಟ್ಟಣ ತರಿಸಿಕೊಂಡಿದ್ದಳು.

“ಅಮ್ಮ, ಇಲ್ಲಿ ನೋಡು. ಒಂದು ಮುಷ್ಟಿ ಹಾಕಿದ್ದು, ಪಾತ್ರೆ ತುಂಬ ಆಯ್ತು!”

ನೋಡುವ ಮೊದಲೇ ವಾಸನೆ ಬಂತು. ಇಳಿತದ ಹೊತ್ತಿಗೆ ನಮ್ಮ ಸುರತ್ಕಲ್ಲಿನ ಬಂಡೆಗಳ ಹತ್ತಿರ ಬರುವ ಹಸಿ ಉಪ್ಪಿನ ವಾಸನೆ. ಆದರೆ ನನಗೆ ನೆನಪಾದದ್ದು ಸುರತ್ಕಲ್ ಅಲ್ಲ. ಸ್ಟೂಲು ಎಳೆದು ಕೂತುಬಿಟ್ಟೆ. “ಎಂತಾಯ್ತಮ್ಮ?” ಎಂದಳು. “ಬಿಪಿ ಮಾತ್ರೆ ತಗೊಳ್ಳಲಿಲ್ಲ” ಎಂದೆ. ಸುಳ್ಳು ಹೇಳುವುದರಲ್ಲಿ ನನಗೆ ಸುಮಾರು ಮೂವತ್ತು ವರ್ಷದ ಅಭ್ಯಾಸವಿದೆ.

ಆ ಪಾತ್ರೆ ನಮ್ಮದಲ್ಲ. ಅದನ್ನು ನಾನು ತೊಂಬತ್ತೈದನೆಯ ಇಸವಿಯಲ್ಲಿ ದೋಹಾದಲ್ಲಿ ಒಬ್ಬರಿಗೆ ಹಿಂದಿರುಗಿಸಬೇಕಿತ್ತು.

ಆ ವರ್ಷ ಜನವರಿಯಲ್ಲಿ, ಮದುವೆಯಾಗಿ ಎರಡು ತಿಂಗಳಿಗೆ, ನಾನು ದೋಹಾಕ್ಕೆ ಹೋದೆ. ನನಗೆ ಇಪ್ಪತ್ತಮೂರು. ನಮ್ಮವರು ಒಂದು ಕಟ್ಟಡ ಕಂಪನಿಯಲ್ಲಿ ಸ್ಟೋರ್ ಕೀಪರ್. ಮನೆ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ. ಹಳೆಯ ವಿಲ್ಲಾ ಒಂದನ್ನು ಮಾಲೀಕ ನಾಲ್ಕು ಪಾಲು ಮಾಡಿ ನಾಲ್ಕು ಸಂಸಾರಗಳಿಗೆ ಕೊಟ್ಟಿದ್ದ. ವಿಮಾನ ಇಳಿಯುವಾಗ ಶೆಲ್ಫಿನ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನನ್ನ ಅಡುಗೆಮನೆಯ ಕಿಟಕಿಗೆ ಎದುರಾಗಿ, ಮೂರು ಮಾರು ದೂರದಲ್ಲಿ, ಪಕ್ಕದ ಪಾಲಿನ ಅಡುಗೆಮನೆಯ ಕಿಟಕಿ, ಅದಕ್ಕೆ ತಾಗಿ ಬಾಗಿಲು. ಅಲ್ಲಿ ಕೊರಿಯಾದವರು. ಗಂಡ ಎಂಜಿನಿಯರು, ಮರುಭೂಮಿಯಾಚೆಯ ಸೈಟಿನ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಬಂದು ಶುಕ್ರವಾರ ಇದ್ದು ಹೋಗುತ್ತಿದ್ದರು. ವಾರವಿಡೀ ಹೆಂಡತಿ ಒಬ್ಬರೇ. ಅವರನ್ನು ನಾನು ಮಿಸೆಸ್ ಪಾರ್ಕ್ ಎಂದು ಕರೆಯುತ್ತಿದ್ದೆ.

ನಮಗೆ ಆ ಊರಿನಲ್ಲಿ ಇನ್ನೊಬ್ಬರಿದ್ದರು. ನಮ್ಮವರ ಅಕ್ಕ, ರತ್ನಕ್ಕ. ಅಲ್ ಹಿಲಾಲಿನಲ್ಲಿ ಮನೆ, ದೋಹಾದಲ್ಲಿ ಹದಿನಾಲ್ಕು ವರ್ಷ. ತಮ್ಮನಿಗೆ ವೀಸಾ ಕೊಡಿಸಿದವರೂ ಅವರೇ, ಹೆಣ್ಣು ನೋಡಿ ಒಪ್ಪಿದವರೂ ಅವರೇ. ಅತ್ತೆ, ನಾದಿನಿ, ಊರಿನ ಹತ್ತು ಸಮಸ್ತರು, ಎಲ್ಲವೂ ನನಗೆ ಅಲ್ಲಿ ಅವರೊಬ್ಬರೇ. ಪ್ರತಿ ಶುಕ್ರವಾರ ಬಂದು ನನ್ನ ಫ್ರಿಜ್ಜು ತೆರೆದು ನೋಡಿ, ತಲೆಯಾಡಿಸಿ, ಏನಾದರೂ ಒಂದನ್ನು ಎಸೆದು ಹೋಗುತ್ತಿದ್ದರು. ಅವರಿಗೆ ನನ್ನ ಮೇಲೆ ಪ್ರೀತಿಯಿತ್ತು, ಅದರಲ್ಲಿ ಸಂಶಯವಿಲ್ಲ. ನನಗೆ ಅವರ ಮೇಲೆ ಇದ್ದದ್ದು ಹೆದರಿಕೆ.

ಮಿಸೆಸ್ ಪಾರ್ಕ್ ಅವರ ಪರಿಚಯವಾದದ್ದು ಬ್ಯಾಡಗಿ ಮೆಣಸಿನಿಂದ. ಮಾರ್ಚಿನಲ್ಲಿ ಒಂದು ದಿನ ಊರಿಂದ ತಂದ ಮೆಣಸನ್ನು ಹುರಿದು ಮಿಕ್ಸಿಗೆ ಹಾಕಿದ್ದೆ. ಎದುರು ಕಿಟಕಿಯಲ್ಲಿ ಯಾರೋ ನಾಲ್ಕೈದು ಸಲ ಸೀನಿದರು. ಬೈಯಲು ಬಂದರು ಎಂದುಕೊಂಡು ಬಾಗಿಲು ತೆರೆದರೆ, ಕೈಯಲ್ಲಿ ಬಟ್ಟಲು ಹಿಡಿದು ನಿಂತಿದ್ದರು. ಮೂವತ್ತೈದರ ಆಸುಪಾಸಿನ, ದುಂಡು ಮುಖದ ಹೆಂಗಸು. ಪುಡಿಯನ್ನು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದರು. ಅಂಗಡಿಯ ಮೆಣಸಿನಪುಡಿ ಬರೀ ಖಾರ, ಬಣ್ಣವಿಲ್ಲ. ತಮ್ಮೂರಿನದು ಮುಗಿದು ತಿಂಗಳಾಯಿತು. ಇದು ಹೆಚ್ಚುಕಡಿಮೆ ಅದೇ. ಇಷ್ಟನ್ನೂ ಅವರು ಆರು ಇಂಗ್ಲಿಷ್ ಪದಗಳಲ್ಲಿ ಮತ್ತು ಎರಡು ಕೈಗಳಲ್ಲಿ ಹೇಳಿದರು. ನನ್ನ ಇಂಗ್ಲಿಷೂ ಅವರದಕ್ಕಿಂತ ಎರಡು ಪದ ಮಾತ್ರ ಹೆಚ್ಚು.

ಮೂರು ದಿನ ಬಿಟ್ಟು ಅದೇ ಬಟ್ಟಲಿನಲ್ಲಿ ಕಿಮ್ಚಿ ಬಂತು. ಉಪ್ಪು ಹಚ್ಚಿದ ಎಲೆಕೋಸಿಗೆ ನನ್ನ ಮೆಣಸು, ಬೆಳ್ಳುಳ್ಳಿ, ಶುಂಠಿ, ಉಪ್ಪು ಸಿಗಡಿ. ಮೊದಲ ದಿನ ವಾಸನೆಗೆ ಮೂಗು ಮುಚ್ಚಿಕೊಂಡೆ. ಮರುದಿನ ಕುಚ್ಚಲಕ್ಕಿ ಗಂಜಿಯ ಜೊತೆ ಒಂದು ಎಸಳು ನಂಜಿಕೊಂಡೆ, ಮೂರನೆಯ ದಿನ ಬಟ್ಟಲು ಖಾಲಿ. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವುದಿಲ್ಲ; ಒಂದು ಅಚ್ಚು ಬೆಲ್ಲ ಹಾಕಿ ಹಿಂದಿರುಗಿಸಿದೆ. ಅವರು ಬೆಲ್ಲ ನೋಡಿ ಜೋರಾಗಿ ನಕ್ಕು ನನ್ನ ಕೈ ಹಿಡಿದುಕೊಂಡರು. “ಸೇಮ್! ಕೊರಿಯಾ ಸೇಮ್!” ಅವರಲ್ಲೂ ಪಾತ್ರೆ ಬರಿದಾಗಿ ಹೋಗಬಾರದಂತೆ. ಅಂದಿನಿಂದ ನಮ್ಮಿಬ್ಬರ ಬಾಗಿಲುಗಳ ನಡುವೆ ಒಂದು ಪಾತ್ರೆಯೂ ಖಾಲಿ ನಡೆದಾಡಲಿಲ್ಲ.

ಜೂನ್ ಬಂತು. ಊರಿಗೆ ಹೋಗುವವರೆಲ್ಲ ಮಕ್ಕಳ ರಜೆಗೆ ಊರಿಗೆ ಹೋದರು. ವಿಲ್ಲಾದಲ್ಲಿ ಉಳಿದ ಹೆಂಗಸರು ನಾವಿಬ್ಬರೇ. ಹತ್ತು ಗಂಟೆಗೆಲ್ಲ ಕೈಯಿಂದ ಮುಟ್ಟಲಾಗದಷ್ಟು ಬಾಗಿಲಿನ ಚಿಲಕ ಸುಡುತ್ತಿತ್ತು. ನಲ್ಲಿಯಲ್ಲಿ ಬರುವ ತಣ್ಣೀರಿನಲ್ಲೇ ಅಕ್ಕಿ ಬೇಯುತ್ತದೇನೋ ಎನಿಸುತ್ತಿತ್ತು. ಹಾಗಾಗಿ ನಮ್ಮ ಅಡುಗೆಯೆಲ್ಲ ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ, ಒಮ್ಮೆ ನನ್ನ ಒಲೆಯಲ್ಲಿ, ಒಮ್ಮೆ ಅವರ ಒಲೆಯಲ್ಲಿ. ಗೋಧಿಹಿಟ್ಟಿಗೆ ಎಳ್ಳೆಣ್ಣೆ, ಶುಂಠಿರಸ ಹಾಕಿ ಸಣ್ಣ ಉರಿಯಲ್ಲಿ ಕರಿದು ಜೇನಿನಲ್ಲಿ ಮುಳುಗಿಸುವ ಒಂದು ಸಿಹಿ ಕಲಿಸಿದರು. ನಾನು ಜಾಣೆ, ಕೇಳದೆ ಏಲಕ್ಕಿ ಹಾಕಿದೆ. ಅವರು ಒಂದು ತುಣುಕು ಬಾಯಿಗಿಟ್ಟು, ಮುಖ ಕಿವುಚಿ, ಬಹಳ ಮರ್ಯಾದೆಯಿಂದ “ಸೋಪ್” ಎಂದರು. ಇಬ್ಬರೂ ಸೆರಗು, ಟವೆಲು ಬಾಯಿಗೆ ಒತ್ತಿಕೊಂಡು ನಕ್ಕೆವು. ಎಲ್ಲದಕ್ಕೂ ಕೊನೆಗೆ ಎರಡು ಹನಿ ಎಳ್ಳೆಣ್ಣೆ ಹಾಕುವುದು ಅವರ ಕ್ರಮ. ಸೊಪ್ಪಿಗೆ, ಸೌತೆಕಾಯಿಗೆ, ಅನ್ನಕ್ಕೆ, ಸಾರಿಗೆ. ಅವರ ಬಾಗಿಲು ತೆರೆದರೆ ಮೊದಲು ಮೂಗಿಗೆ ಬರುವುದು ಹುರಿದ ಎಳ್ಳಿನ ಪರಿಮಳ, ಆಮೇಲೆ ಅವರು.

ಅದೇ ತಿಂಗಳು ಒಂದು ಬೆಳಿಗ್ಗೆ ಹೋದರೆ, ಅವರು ಕಡಲಪಾಚಿ ಸಾರನ್ನು ಮುಂದಿಟ್ಟುಕೊಂಡು ಅಳುತ್ತಿದ್ದರು. ಅವರಿಗೆ ಒಬ್ಬನೇ ಮಗ, ಒಂಬತ್ತು ವರ್ಷದವನು, ಕೊರಿಯಾದಲ್ಲಿ ಅಜ್ಜಿಯ ಮನೆಯಲ್ಲಿ ಓದುತ್ತಿದ್ದ. ಅಂದು ಅವನ ಹುಟ್ಟಿದ ದಿನ. ಆಲ್ಬಂ ತೆರೆದು ತೋರಿಸಿದರು. ಹಸುಗೂಸು ಮಗ, ಕೊರಳಲ್ಲಿ ಬಿಳಿ ನೂಲಿನ ಲಡಿ. ನೂಲು ಉದ್ದ, ಆಯುಷ್ಯ ಉದ್ದ ಎಂದು ಕೈ ಅಗಲಿಸಿ ಹೇಳಿದರು. ಇನ್ನು ಈ ಸಾರು, ಹೆರಿಗೆಯಾದ ತಾಯಿಗೆ ಇಪ್ಪತ್ತೊಂದು ದಿನ ಕೊಡುವುದಂತೆ. ಆಮೇಲೆ ಮಗು ದೊಡ್ಡದಾಗಿ ಪ್ರತಿ ಹುಟ್ಟುಹಬ್ಬಕ್ಕೆ ಅದನ್ನೇ ಕುಡಿಯಬೇಕು, ತಾಯಿ ಪಟ್ಟ ಪಾಡು ಮರೆಯದ ಹಾಗೆ. “ಹಿ ಈಟ್ ದೇರ್. ಐ ಈಟ್ ಹಿಯರ್” ಎಂದು ಬಟ್ಟಲನ್ನು ನನ್ನತ್ತಲೂ ಸರಿಸಿದರು.

ಆಗಸ್ಟಿನಲ್ಲಿ ನಾನು ಬಸುರಿ ಎಂದು ಗೊತ್ತಾಯಿತು. ರತ್ನಕ್ಕನಿಗಿಂತ ಮೊದಲು ಹೇಳಿದ್ದು ಮಿಸೆಸ್ ಪಾರ್ಕ್ ಅವರಿಗೆ. ಆ ಶುಕ್ರವಾರ ರತ್ನಕ್ಕ ಬಂದವರು ಸಂತೋಷದಲ್ಲಿ ನನ್ನ ತಲೆ ಸವರಿ, ಕೂಡಲೇ ಬೆರಳು ಮಡಚಲು ಶುರುಮಾಡಿದರು. ನಾವು ಮನೆಯಲ್ಲಿ ಆಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಪಪ್ಪಾಯಿ ಬೇಡ. ಅನಾನಸು ಬೇಡ. ಎಳ್ಳು ಅಂತೂ ಬೇಡವೇ ಬೇಡ, ಉಷ್ಣ, ನಿಲ್ಲೂದಿಲ್ಲ. ಗೊತ್ತುಂಟಲ್ಲ?”

“ಗೊತ್ತುಂಟಕ್ಕ” ಎಂದೆ. ಗೊತ್ತಿಲ್ಲದ ಹೆಣ್ಣು ನಮ್ಮ ಊರಿನಲ್ಲಿ ಯಾವಳಿದ್ದಾಳೆ?

ಸೆಪ್ಟೆಂಬರಿನ ಮೊದಲ ವಾರ ಹವೆ ಒದ್ದೆಬಟ್ಟೆಯ ಹಾಗೆ ಮೈಗೆ ಅಂಟುತ್ತಿತ್ತು. ಆ ತಿಂಗಳ ಹುಣ್ಣಿಮೆ ಕೊರಿಯಾದವರಿಗೆ ದೊಡ್ಡ ಹಬ್ಬ. ಸುಗ್ಗಿಯ ಹಬ್ಬವೂ ಹೌದು, ಹಿರಿಯರಿಗೆ ಎಡೆಯಿಡುವ ಹಬ್ಬವೂ ಹೌದು. ಅಂದು ಸೊಂಗ್‌ಪ್ಯೊನ್ ಮಾಡಲೇಬೇಕು. ಅಂದರೆ ಅಕ್ಕಿಹಿಟ್ಟಿನ ಅರ್ಧಚಂದ್ರದ ಸಣ್ಣ ಕಡುಬು. ಅದರ ಹಿಟ್ಟು ಹೇಗೆ ಎಂದು ಅವರು ಕೈಸನ್ನೆಯಲ್ಲಿ ಹೇಳತೊಡಗಿದಾಗ, ನಾನು ತಡೆದು ನಾನೇ ಮಾಡಿ ತೋರಿಸಿದೆ. ನೆನೆಸಿದ ಅಕ್ಕಿಯನ್ನು ಬಟ್ಟೆಯ ಮೇಲೆ ಹರವಿ, ಪಸೆ ಪೂರ್ತಿ ಆರುವ ಮೊದಲೇ ಪುಡಿ ಮಾಡಿ ಜರಡಿ ಹಿಡಿಯುವುದು. ನಮ್ಮ ಕಜ್ಜಾಯದ ಹಿಟ್ಟಿನ ಕೆಲಸವೇ. ಕುದಿಯುವ ನೀರು ಹಾಕಿ ನಾದುತ್ತ, ಎಷ್ಟು ಮೆದುವಾಗಬೇಕು ಎಂದು ಕೇಳಿದರೆ, ನನ್ನ ಕಿವಿಯ ಹಾಲೆಯನ್ನು ಹಿಡಿದು ಅದುಮಿದರು.

ಕೊರಿಯಾದಲ್ಲಿ ಇದನ್ನು ಪೈನ್ ಮರದ ಸೂಜಿಯೆಲೆಗಳ ಮೇಲೆ ಹಬೆಯಲ್ಲಿ ಬೇಯಿಸುತ್ತಾರಂತೆ. ರಸ್ತೆ ಬದಿಯ ಗಾಳಿಮರದ ಎಲೆ ತೋರಿಸಿದೆ. ಮೂಸಿ ನೋಡಿ ಬೇಡವೆಂದು ತಲೆಯಾಡಿಸಿದರು. ಓಣಂ ಸಮಯ, ಮಲಯಾಳಿ ಅಂಗಡಿಗೆ ಬಾಳೆಲೆ ಬಂದಿತ್ತು. ಅದನ್ನೇ ತಂದು ತುಂಡು ಮಾಡಿ ಹಾಸಿದೆವು. ಆಮೇಲೆ ಅವರು ಹೂರಣದ ಡಬ್ಬಿ ತೆರೆದರು. ಹುರಿದು ಕುಟ್ಟಿದ ಕರಿ ಎಳ್ಳು, ಸಕ್ಕರೆ, ಜೇನು.

ನನ್ನ ಕೈ ನಿಂತಿತು. ನಮ್ಮಲ್ಲಿ ಕರಿ ಎಳ್ಳು ಹೊರಗೆ ಬರುವುದು ತಿಥಿಯ ದಿನ. ಮರುದಿನದಿಂದ ಪಿತೃಪಕ್ಷ ಬೇರೆ. ಅದಕ್ಕಿಂತ ಮೇಲಾಗಿ ನಾನು ಬಸುರಿ. ಮಿಸೆಸ್ ಪಾರ್ಕ್ ಮಾತ್ರ ನನ್ನ ಅಂಗೈಯಲ್ಲಿ ಹಿಟ್ಟಿನ ಉಂಡೆಯಿಟ್ಟು, ಗುಳಿ ಮಾಡಿಸಿ, ಎಳ್ಳು ತುಂಬಿಸಿ, ಅಂಚು ಒತ್ತಿಸಿದರು. “ಸೊಂಗ್‌ಪ್ಯೊನ್ ಪ್ರೆಟ್ಟಿ, ಬೇಬಿ ಪ್ರೆಟ್ಟಿ.” ಬಸುರಿ ಚಂದದ ಕಡುಬು ಮಾಡಿದರೆ ಚಂದದ ಮಗಳು ಹುಟ್ಟುತ್ತಾಳಂತೆ. ನನ್ನ ಮೊದಲನೆಯದು ಒಡೆದ ಚಿಪ್ಪಿನ ಹಾಗೆ ಬಾಯಿಬಿಟ್ಟಿತು. ಹತ್ತನೆಯದಕ್ಕೆ ಅವರು ಚಪ್ಪಾಳೆ ತಟ್ಟಿದರು.

ಹಬೆಯಿಂದ ಇಳಿಸಿ, ಎಳ್ಳೆಣ್ಣೆ ಸವರಿ, ಹತ್ತನೆಯದನ್ನೇ ಹುಡುಕಿ ನನ್ನ ಬಾಯಿಯ ಹತ್ತಿರ ಹಿಡಿದರು. ಬೇಡ ಎನ್ನಬಹುದಿತ್ತು. ಆ ಮುಖ ನೋಡಿ ಬೇಡ ಎನ್ನಲು ಆಗಲಿಲ್ಲ ಎಂದು ಬರೆದರೆ ಚಂದ ಕಾಣುತ್ತದೆ. ಅದು ಅರ್ಧ ನಿಜ. ಇನ್ನರ್ಧ, ನನಗೆ ಬಾಯಿಯಲ್ಲಿ ನೀರೂರುತ್ತಿತ್ತು. ಒಂದೇ ಒಂದು ಎಂದುಕೊಂಡು ನಾಲ್ಕು ತಿಂದೆ. ಉಳಿದದ್ದನ್ನು ಸ್ಟೀಲಿನ ಡಬ್ಬಿಯಲ್ಲಿ ತಂದು ಫ್ರಿಜ್ಜಿನ ಹಿಂಬದಿಗೆ ತಳ್ಳಿಟ್ಟೆ; ಆ ಶುಕ್ರವಾರ ಅದು ರತ್ನಕ್ಕನ ಕಣ್ಣಿಗೆ ಬೀಳಲಿಲ್ಲ.

ಎಂಟು ದಿನಗಳ ನಂತರ ನನಗೆ ರಕ್ತಸ್ರಾವವಾಯಿತು.

ಹೆಂಗಸರ ಆಸ್ಪತ್ರೆ. ಗಂಡಸರನ್ನು ಒಳಗೆ ಬಿಡುವುದಿಲ್ಲ. ನಮ್ಮವರು ಗೇಟಿನ ಹತ್ತಿರವೇ ಉಳಿದರು. ಪರೀಕ್ಷೆ ಮಾಡಿದ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಹೇಳಿದ್ದನ್ನು, ಪಕ್ಕದಲ್ಲಿದ್ದ ಮಲಯಾಳಿ ನರ್ಸು ಮಲಯಾಳ, ಹಿಂದಿ ಎರಡನ್ನೂ ಬೆರೆಸಿ ನನಗೆ ತಿಳಿಸಿದಳು. ಮಗು ಉಳಿದಿಲ್ಲ. ನಾನು ಮೊದಲು ಕೇಳಿದ್ದು ಒಂದೇ. ಎಳ್ಳು ಮಲಯಾಳದಲ್ಲೂ ಎಳ್ಳೇ.

“ಸಿಸ್ಟರ್, ನಾನು ಎಳ್ಳು ತಿಂದೆ.”

“ಯಾವಾಗ?”

“ಎಂಟು ದಿನ ಆಯಿತು.”

ಅವಳು ಡಾಕ್ಟರಮ್ಮನಿಗೆ ಹೇಳಿದಳು. ಡಾಕ್ಟರಮ್ಮ ನನ್ನನ್ನು ನೋಡಿ ಅಲ್ಲವೆಂದು ನಿಧಾನವಾಗಿ ತಲೆಯಾಡಿಸಿದರು. ನರ್ಸು ನನ್ನ ಹಣೆಯ ಬೆವರು ಒರೆಸುತ್ತ, ಮಗಳನ್ನು ಕರೆಯುವ ಹಾಗೆ ಕರೆದು ಹೇಳಿದಳು: “ಮೋಳೇ, ಅದರ ಬೆಳವಣಿಗೆ ನಿಂತು ನಾಲ್ಕು ವಾರ ಆಗಿದೆ. ನೀನು ಎಳ್ಳು ತಿನ್ನುವಾಗ ಅದು ಇರಲೇ ಇಲ್ಲ. ಎಳ್ಳಿನಿಂದ ಅಲ್ಲ. ಯಾವುದರಿಂದಲೂ ಅಲ್ಲ. ಹೀಗೆ ಆಗುತ್ತದೆ, ಅಷ್ಟೆ.”

ಆ ಮಾತು ಕೇಳಿದವಳು ನಾನೊಬ್ಬಳೇ.

ಮನೆಗೆ ಬಂದ ದಿನ ರತ್ನಕ್ಕ ಬಂದು ಉಳಿದರು. ಗಂಜಿ ಮಾಡಿಕೊಟ್ಟರು, ಬಟ್ಟೆ ಒಗೆದರು, ಕಣ್ಣೀರೂ ಹಾಕಿದರು. ಬಾಣಂತಿ ಎಣ್ಣೆ ತರಿಸುವುದೋ ಎಂದು ನಮ್ಮವರು ಕೇಳಿದ್ದಕ್ಕೆ, “ಮೂರು ತಿಂಗಳಿದ್ದದ್ದಕ್ಕೆ ಎಂತ ಬಾಣಂತನ ಮಾರಾಯ? ಸುಮ್ಮನಿರು” ಎಂದರು. ಊರಿಗೆ ಫೋನು ಮಾಡಿ ಅತ್ತೆಗೆ ತಿಳಿಸುವಾಗ, ದನಿ ತಗ್ಗಿಸಿ, “ಮೊದಲನೆಯದೇ ಹೀಗಾದ್ರೆ... ಮೇಲಿನಮನೆಯವಳದ್ದು ಹೀಗೇ ಶುರುವಾದದ್ದಲ್ವಾ” ಎಂದದ್ದು ನನಗೆ ಕೇಳಿಸಿತು. ಮೇಲಿನಮನೆಯವಳು ನಮ್ಮ ಅತ್ತೆಯೂರಿನಲ್ಲಿ ಗರ್ಭ ನಿಲ್ಲದವಳು ಎನಿಸಿಕೊಂಡು, ತವರಿಗೆ ಹೋದವಳು ಮತ್ತೆ ಬಾರದೆ ಹೋದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಆಮೇಲೆ ರತ್ನಕ್ಕ ಅಭ್ಯಾಸದಂತೆ ಫ್ರಿಜ್ಜು ತೆರೆದರು. ಡಬ್ಬಿ ಸಿಕ್ಕಿತು. ಒಂದನ್ನು ಮುರಿದು ನೋಡಿದರು.

“ಇದೆಂತದು? ಎಳ್ಳಾ? ಯಾರು ಕೊಟ್ಟದ್ದು?”

“ಪಕ್ಕದ ಮನೆಯವರು.”

“ನೀನು ತಿಂದಿದ್ದಿಯಾ?”

ನನ್ನ ಬಳಿ ಎರಡು ಮಾತುಗಳಿದ್ದವು. ತಿಂದೆ ಎನ್ನುವುದೊಂದು. ಅದರಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ಹೇಳಿದೆ. ಎರಡನೆಯದನ್ನು ನುಂಗಿಕೊಂಡೆ. ಯಾಕೆಂದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ಎಳ್ಳು ಅಲ್ಲ ಎಂದಾದರೆ ನನ್ನ ಹೊಟ್ಟೆಯೇ ಕಾರಣ ಎಂದಾಗುತ್ತಿತ್ತು. ಎಳ್ಳು ಎಂದಾದರೆ ನಾನು ಬರೀ ಬುದ್ಧಿಯಿಲ್ಲದ ಹುಡುಗಿ, ಪಾಪದವಳು. ಮುಂದಿನ ಸಲ ಸರಿಹೋಗುತ್ತದೆ.

ಹಾಗೆಯೇ ಆಯಿತು. “ಅಯ್ಯೋ ಪಾಪದ್ದು!” ಎಂದು ರತ್ನಕ್ಕ ನನ್ನ ತಲೆ ಸವರಿದರು. ಅವರ ಮುಖದಲ್ಲಿ ಒಂದು ನೆಮ್ಮದಿಯೂ ಕಂಡಿತು. ಮರುಗಳಿಗೆ ಆ ನೆಮ್ಮದಿ ಸಿಟ್ಟಾಯಿತು. ಡಬ್ಬಿ ಎತ್ತಿಕೊಂಡು ಚಪ್ಪಲಿ ಮೆಟ್ಟದೆ ಹೊರಟರು. ನಾನು ಎದ್ದು ಗೋಡೆ ಹಿಡಿದು ಅಡುಗೆಮನೆಯ ಕಿಟಕಿಗೆ ಬಂದೆ.

ಮಿಸೆಸ್ ಪಾರ್ಕ್ ನಗುತ್ತಲೇ ಬಾಗಿಲು ತೆರೆದರು. ನಾನು ಆಸ್ಪತ್ರೆಯಲ್ಲಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

“ಯು ಗಿವ್ ದಿಸ್?” ರತ್ನಕ್ಕ ಡಬ್ಬಿ ಅಲುಗಿಸಿದರು. “ಪ್ರೆಗ್ನೆಂಟ್ ಲೇಡಿ ನೋ ಈಟ್! ವೆರಿ ಹಾಟ್! ನೌ ಬೇಬಿ ಖಲಾಸ್. ಅಂಡರ್‌ಸ್ಟ್ಯಾಂಡ್? ಬೇಬಿ ಖಲಾಸ್!”

ಖಲಾಸ್ ಎಂಬ ಮಾತನ್ನು ದೋಹಾದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗ್ಯಾಸು ಮುಗಿದರೂ ಖಲಾಸ್, ಕೆಲಸ ಹೋದರೂ ಖಲಾಸ್. ಮಿಸೆಸ್ ಪಾರ್ಕ್ ಅವರ ನಗು ಹಾಗೇ ಸ್ವಲ್ಪ ಹೊತ್ತು ಮುಖದ ಮೇಲೆ ಉಳಿದಿತ್ತು, ತೆಗೆಯಲು ಮರೆತವರ ಹಾಗೆ. ಆಮೇಲೆ ಅವರು ರತ್ನಕ್ಕನ ಭುಜದ ಮೇಲಿಂದ ನನ್ನ ಕಿಟಕಿಯನ್ನು ನೋಡಿದರು. ನಾನು ಪಕ್ಕಕ್ಕೆ ಸರಿದೆ.

ರತ್ನಕ್ಕ ಮರುದಿನ ಬೆಳಿಗ್ಗೆ ಅಲ್ ಹಿಲಾಲಿಗೆ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ಬಾಗಿಲು ತಟ್ಟಿದ ಸದ್ದು. ಮಿಸೆಸ್ ಪಾರ್ಕ್ ಹಳದಿ ಅಲ್ಯೂಮಿನಿಯಂ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸೊಂಟದಿಂದ ಬಾಗಿದವರು ಮೇಲೇಳಲೇ ಇಲ್ಲ. ನಾನೇ ಕೊನೆಗೆ ಪಾತ್ರೆ ತೆಗೆದುಕೊಳ್ಳಬೇಕಾಯಿತು. ಒಳಗೆ ಕಡಲಪಾಚಿಯ ಸಾರು. ನಾನು ದನದ ಮಾಂಸ ತಿನ್ನುವುದಿಲ್ಲವೆಂದು ಸಿಗಡಿ ಹಾಕಿದ್ದರು.

“ಮದರ್ ಸೂಪ್” ಎಂದರು ನೆಲ ನೋಡುತ್ತ. ಆಮೇಲೆ ತಲೆಯೆತ್ತಿ, “ಯು ಮದರ್” ಎಂದರು.

ಆಸ್ಪತ್ರೆಯಿಂದ ಬಂದ ಮೇಲೆ ಎಷ್ಟೋ ಜನ ಏನೇನೋ ಹೇಳಿದ್ದರು. ಹೋದದ್ದು ಹೋಯಿತು ಎಂದರು, ವಯಸ್ಸಿದೆ ಎಂದರು. ನನ್ನನ್ನು ತಾಯಿ ಎಂದವರು ಇವರೊಬ್ಬರೇ. ಬಾಗಿಲು ಮುಚ್ಚಿ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಮಗುವಿಗಾಗಿ ನಾನು ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಸಾರಿನ ಮೊದಲ ಚಮಚ ಬಾಯಿಗಿಟ್ಟೆ. ಏನೋ ಕಡಿಮೆಯಿತ್ತು. ಎರಡನೆಯ ಚಮಚಕ್ಕೆ ಗೊತ್ತಾಯಿತು. ಎಳ್ಳೆಣ್ಣೆ ಹಾಕಿರಲಿಲ್ಲ. ಸಂಜೆ ಕಸ ಹಾಕಲು ಹೋದಾಗ ಡ್ರಮ್ಮಿನಲ್ಲಿ ಅವರ ಗಾಜಿನ ಭರಣಿ ಕಂಡಿತು. ಮುಚ್ಚಳ ಹಾಕಿದ ಹಾಗೇ ಇತ್ತು. ಕರಿ ಎಳ್ಳು ಮುಕ್ಕಾಲು ಪಾಲು ತುಂಬಿತ್ತು. ಅದರ ಪಕ್ಕದಲ್ಲಿ ಎಳ್ಳೆಣ್ಣೆಯ ಬಾಟಲಿ. ಅವರು ನಂಬಿಬಿಟ್ಟಿದ್ದರು.

ಇಪ್ಪತ್ತೊಂದು ದಿನ ಸಾರು ಬಂತು. ಒಂದು ದಿನವೂ ತಪ್ಪಲಿಲ್ಲ. ಶುಕ್ರವಾರಗಳಂದು, ರತ್ನಕ್ಕ ಬರುವ ಮೊದಲೇ, ಆರು ಗಂಟೆಗೆ ಬರುತ್ತಿತ್ತು. ದಿನವೂ ಪಾತ್ರೆಗೆ ಏನಾದರೂ ಹಾಕಿ ಹಿಂದಿರುಗಿಸುತ್ತಿದ್ದೆ. ಬೆಲ್ಲ, ಬಾಳೆಹಣ್ಣು, ಹಪ್ಪಳ. ದಿನವೂ ಹೇಳಬೇಕೆಂದು ಬಾಗಿಲಿಗೆ ಹೋಗುತ್ತಿದ್ದೆ, ಹೇಳದೆ ಬರುತ್ತಿದ್ದೆ. ಭಾಷೆ ಬರುವುದಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಎಳ್ಳಿಗೆ ಅರಬ್ಬಿಯಲ್ಲಿ ಸಿಮ್‌ಸಿಮ್ ಎನ್ನುತ್ತಾರೆಂದು ಅಂಗಡಿಗೆ ಹೋಗುವ ನಮಗಿಬ್ಬರಿಗೂ ಗೊತ್ತಿತ್ತು. ತೊಂದರೆಯಿಲ್ಲ ಎನ್ನಲು ಮಾಫಿ ಮುಶ್ಕಿಲ್. ಸಿಮ್‌ಸಿಮ್, ಮಾಫಿ ಮುಶ್ಕಿಲ್. ಮೂರೇ ಪದ. ಆದರೆ ಅವರಿಗೆ ಹೇಳಿದರೆ ಅವರು ರತ್ನಕ್ಕನಿಗೆ ಹೇಳಿಯಾರು ಎಂಬ ಅಳುಕು. ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ನಾಚಿಕೆ. ದಿನ ಹೋದ ಹಾಗೆ ಹೇಳುವುದು ಕಷ್ಟವಾಗುತ್ತ ಹೋಯಿತು.

ಕೊನೆಯ ದಿನ ಅವರು ಬೆರಳುಗಳಲ್ಲಿ ಎಣಿಸಿ, “ಟುಡೇ ಫಿನಿಶ್” ಎಂದರು. ಅಂದು ನಾನು ಪಾತ್ರೆ ಇಟ್ಟುಕೊಂಡೆ. ನಾಳೆ ಏನಾದರೂ ಸಿಹಿ ಮಾಡಿ, ತುಂಬಿಸಿ ತೆಗೆದುಕೊಂಡು ಹೋಗಿ, ಕೈ ಹಿಡಿದು ಹೇಳಿಯೇ ಬಿಡುತ್ತೇನೆ ಎಂದುಕೊಂಡೆ. ನಾಳೆ ನಾಡಿದ್ದಾಯಿತು. ಅಕ್ಟೋಬರಿನಲ್ಲಿ ಹವೆ ತಣ್ಣಗಾಗಿ ಎಲ್ಲರೂ ಕಿಟಕಿ ತೆರೆದರು. ಎದುರಿನ ಕಿಟಕಿ ಮುಚ್ಚಿಯೇ ಇತ್ತು. ಅಂಗಳದಲ್ಲಿ ಎದುರಾದರೆ ಬಾಗಿ ನಮಸ್ಕರಿಸಿ ದಾರಿ ಬಿಡುತ್ತಿದ್ದರು, ಮುಟ್ಟುತ್ತಿರಲಿಲ್ಲ. ಮೊದಲಾಗಿದ್ದರೆ ಕೈ ಹಿಡಿಯದೆ ಮಾತಾಡಿದವರಲ್ಲ.

ದೀಪಾವಳಿಗೆ ರತ್ನಕ್ಕ ಕರೆದರೆಂದು ನಾಲ್ಕು ದಿನ ಅಲ್ ಹಿಲಾಲಿಗೆ ಹೋದೆವು. ಹಿಂದಿರುಗಿದಾಗ ಪಕ್ಕದ ಪಾಲಿನ ಬಾಗಿಲಿಗೆ ಮಾಲೀಕನ ಬೀಗ. ವಾಚ್‌ಮನ್ ಹೇಳಿದ: “ಕೊರಿಯಾವಾಲಾ ಗಯಾ ಭಾಭೀ. ಸಾಬ್ ಕಾ ಕಾಮ್ ಖಲಾಸ್.” ನನಗೆಂದು ಒಂದು ಚೀಲ ಕೊಟ್ಟು ಹೋಗಿದ್ದರಂತೆ. ಅದರಲ್ಲಿ ನಾನು ಬೇಸಿಗೆಯಲ್ಲಿ ಮೆಣಸಿನಪುಡಿ ತುಂಬಿಸಿ ಕೊಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯಿತ್ತು. ತೊಳೆದು ಒರೆಸಿದ್ದರು. ಬರಿದಾಗಿ ಕಳಿಸಬಾರದಲ್ಲ, ಒಳಗೆ ಬಿಳಿ ನೂಲಿನ ಒಂದು ಲಡಿ ಇಟ್ಟಿದ್ದರು. ಚೀಟಿಯಿಲ್ಲ, ವಿಳಾಸವಿಲ್ಲ.

ಒಂದು ಮಗುವನ್ನು ಕೊಂದೆನೆಂದು ನಂಬಿದ ಹೆಂಗಸು, ಮುಂದೆ ಹುಟ್ಟುವ ಮಗುವಿಗೆ ಆಯುಷ್ಯ ಇಟ್ಟು ಹೋಗಿದ್ದರು. ಅವರ ಪಾತ್ರೆ ನನ್ನಲ್ಲೇ ಉಳಿಯಿತು.

ಮೂರು ವರ್ಷಗಳ ಮೇಲೆ ಮೇಘಾ ಹುಟ್ಟಿದಳು, ಅದೇ ಆಸ್ಪತ್ರೆಯಲ್ಲಿ. ಆ ನೂಲನ್ನು ತೊಟ್ಟಿಲಿಗೆ ಕಟ್ಟಿದೆ. “ಇದೆಂತ ನೂಲು?” ಎಂದು ರತ್ನಕ್ಕ ಕೇಳಿದರು. ಊರಿನ ದೇವಸ್ಥಾನದ್ದು ಎಂದೆ. ಅವರು ಕಣ್ಣಿಗೊತ್ತಿಕೊಂಡರು.

ಇಷ್ಟೂ ನೆನಪಾಗಿ, ಇವತ್ತು ಬೆಳಿಗ್ಗೆ ಎದ್ದವಳೇ ಅಕ್ಕಿ ನೆನೆಹಾಕಿದೆ. ಹಿಟ್ಟು ನಾದಿದೆ. ಮೆದು ಸರಿಯಾಯಿತೇ ಎಂದು ನನ್ನ ಕಿವಿ ಹಿಡಿದು ನೋಡಿಕೊಂಡೆ. ಕರಿ ಎಳ್ಳು ಹುರಿದೆ, ಕುಟ್ಟಿದೆ. ಈಗ ಹಿತ್ತಿಲಲ್ಲಿ ಬಾಳೆಲೆಗೆ ಬರವಿಲ್ಲ. ಮೇಘಾ ಮೂಗು ಅರಳಿಸಿಕೊಂಡು ಬಂದಳು. ತಟ್ಟೆ ನೋಡಿದಳು, ಒಂದನ್ನು ಮುರಿದಳು, ಕೈ ಹಿಂದೆಗೆದಳು.

“ಅಮ್ಮ, ಎಳ್ಳು ತಿನ್ಬಾರದಂತೆ. ರತ್ನತ್ತೆ ಮೊನ್ನೆ ಫೋನಲ್ಲಿ ಹೇಳಿದ್ರು. ನಿನಗೆ ಮೊದಲನೆಯದು ಹಾಗೇ ಹೋದದ್ದಂತೆ? ಯಾರೋ ಕೊರಿಯಾದ ಹೆಂಗಸು ಕೊಟ್ಟು?”

ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ರತ್ನಕ್ಕ ಈಗ ಕಾಪುವಿನಲ್ಲಿ ಮಗನ ಮನೆಯಲ್ಲಿದ್ದಾರೆ. ಎಪ್ಪತ್ತು ವರ್ಷ, ಮಂಡಿ ಹೋಗಿದೆ, ದನಿ ಹೋಗಿಲ್ಲ. ನಾನೇ ಫೋನು ಮಾಡಿದೆ. ಮೇಘಾ ಕೇಳಲೆಂದು ಸ್ಪೀಕರಿಗೆ ಹಾಕಿದೆ.

“ಅಕ್ಕ, ಅವತ್ತು ಎಳ್ಳಿಂದ ಆದದ್ದಲ್ಲ. ಅದಕ್ಕಿಂತ ಮೂರು ವಾರ ಮೊದಲೇ ಮಗು ಹೋಗಿತ್ತು. ಆಸ್ಪತ್ರೆಯಲ್ಲಿ ನನಗೆ ಹೇಳಿದ್ರು. ನಾನು ನಿಮಗೆ ಹೇಳ್ಲಿಲ್ಲ.”

ಬೈಯುತ್ತಾರೆಂದು ಕಾದೆ. ಬೈದರೆ ಚೆನ್ನಾಗಿರುತ್ತಿತ್ತು.

“ನಾನು ಅವಳ ಬಾಗಿಲಿಗೆ ಹೋಗಿ ಖಲಾಸ್ ಅಂದೆ ಅಲ್ವಾ” ಎಂದರು ಕೊನೆಗೆ.

“ಹೌದಕ್ಕ.”

“ನೀನು ಕಿಟಕಿಯಲ್ಲಿದ್ದೆ.”

“ಹೌದು.”

“ಅಯ್ಯೋ ದೇವರೇ.” ಆಮೇಲೆ ಹಳೆಯ ರತ್ನಕ್ಕನ ದನಿ ಬಂತು. “ಅವಳಿಗೆ ಹೇಳ್ಬೇಕು ಸುಮತಿ. ನಾನೇ ಹೇಳ್ತೇನೆ. ಈಗ ಮಕ್ಕಳು ಫೋನಲ್ಲೇ ಯಾರನ್ನು ಬೇಕಾದ್ರೂ ಹುಡುಕ್ತಾರಂತಲ್ಲ. ಮೇಘಾ ಉಂಟಾ ಅಲ್ಲಿ? ಅವಳ ಹತ್ರ ಹೇಳು. ಹೆಸರೆಂತ ಆ ಹೆಂಗಸಿನದ್ದು?”

“ಮಿಸೆಸ್ ಪಾರ್ಕ್.”

“ಅದು ಗಂಡನ ಹೆಸರಲ್ವಾ. ಅವಳದ್ದು?”

ಆರು ತಿಂಗಳು ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೆ. ಇಪ್ಪತ್ತೊಂದು ದಿನ ಅವರ ಕೈಯ ಬಾಣಂತನ ಉಂಡಿದ್ದೆ. ಮೇಘಾ ತನ್ನ ಫೋನು ತೆರೆದು, ಬೆರಳು ಎತ್ತಿ ಹಿಡಿದು, ನಾನು ಹೇಳುವ ಹೆಸರಿಗಾಗಿ ಕಾಯುತ್ತಿದ್ದಳು.